ಮಾರ್ಕೆಟಿಂಗ್ ಇಂಟರ್ನ್‌ಶಿಪ್ ಅಂತ ಸೇರಿಸಿಕೊಂಡು ಚಂದಾ ಎತ್ತಿಸುತ್ತಾರೆ, ಹುಷಾರು

ಸಂಬಳ ಇಲ್ಲ ಅಂದ ಕೂಡಲೇ ಮೂಗು ಮುರಿಯುವವಳು ನಾನಲ್ಲ. ಸೇವಾ ಸಂಸ್ಥೆಗಳ ಕೈ ಯಾವಾಗಲೂ ಬಿಗಿ, ನಾಲ್ಕು ಕೆಲಸ ಕಲಿಸಿದರೆ ಅದೇ ಸಂಬಳ ಅಂದುಕೊಂಡೇ ಒಂದು ಚಾರಿಟಿಯಲ್ಲಿ ಮಾರ್ಕೆಟಿಂಗ್ ಇಂಟರ್ನ್ ಆಗಿ ಸೇರಿದೆ. ಜಾಹೀರಾತಿನಲ್ಲಿ ಇದ್ದದ್ದು ಸೋಷಿಯಲ್ ಮೀಡಿಯಾ ಕ್ಯಾಂಪೇನ್, ಕಂಟೆಂಟ್ ಬರವಣಿಗೆ, ಡೇಟಾ ವಿಶ್ಲೇಷಣೆ. ಮಾಡಿಸಿದ್ದು ಚಂದಾ ವಸೂಲಿ. ಅದೂ ನನ್ನ ಫೋನಿನಲ್ಲಿ ನಂಬರ್ ಇದ್ದವರ ಹತ್ತಿರ.

ಸಂದರ್ಶನ ಹೆಸರಿಗಷ್ಟೇ. ಎಷ್ಟು ಫಾಲೋವರ್ಸ್ ಇದ್ದಾರೆ, ಎಷ್ಟು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇದ್ದೀರಿ ಅಂತ ಕೇಳಿದರು. ಹಿಂದೆ ಏನು ಬರೆದಿದ್ದೀರಿ, ತೋರಿಸಿ ಅಂತ ಯಾರೂ ಕೇಳಲಿಲ್ಲ. ಸೇರಿದ ಮೇಲೆ ಒಂದು ಗ್ರೂಪಿಗೆ ಹಾಕಿ, ನನ್ನ ಹೆಸರಿನ ದೇಣಿಗೆ ಲಿಂಕ್ ಮತ್ತು ಎಲ್ಲರಿಗೂ ಕಳಿಸಬೇಕಾದ ರೆಡಿಮೇಡ್ ಮೆಸೇಜ್ ಕೊಟ್ಟರು. ಅದರಲ್ಲಿ ಒಂದಕ್ಷರ ಬದಲಾಯಿಸುವಂತಿಲ್ಲ. ಕಂಟೆಂಟ್ ಬರವಣಿಗೆ ಅಂದರೆ ಕಾಪಿ-ಪೇಸ್ಟ್ ಅಂತ ಅಲ್ಲೇ ಗೊತ್ತಾಯಿತು.

ದಿನಾ ರಾತ್ರಿ ಆ ಗ್ರೂಪಿನಲ್ಲಿ ಒಂದು ಪಟ್ಟಿ ಬೀಳುತ್ತಿತ್ತು. ಯಾರು ಎಷ್ಟು ತಂದರು ಅಂತ ಹೆಸರಿನ ಪಕ್ಕ ಮೊತ್ತ, ಏನೂ ತರದವರ ಸಾಲಿಗೆ ಕೆಂಪು ಬಣ್ಣ. ಕೆಂಪು ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತಾನು ಪೋಸ್ಟರ್ ಡಿಸೈನ್ ಮಾಡಿಕೊಡುತ್ತೇನೆ ಅಂತ ಬರೆದಳು. ಕೋಆರ್ಡಿನೇಟರ್ ಉತ್ತರ ಹೀಗಿತ್ತು: “ಪೋಸ್ಟರ್ ಆಮೇಲೆ ನೋಡೋಣ. ಮನೆಯವರನ್ನಾದರೂ ಕೇಳಿ, ಝೀರೋ ಚೆನ್ನಾಗಿ ಕಾಣಲ್ಲ.” ಟಾರ್ಗೆಟ್ ಮುಟ್ಟದಿದ್ದರೆ ಸರ್ಟಿಫಿಕೇಟ್ ಇಲ್ಲ ಅನ್ನುವುದನ್ನೂ ಆ ರಾತ್ರಿಯೇ ಹೇಳಿದ್ದು. ಆಫರ್ ಲೆಟರಿನಲ್ಲಿ ಟಾರ್ಗೆಟ್ ಅನ್ನುವ ಪದವೇ ಇರಲಿಲ್ಲ.

ಇದರ ಲೆಕ್ಕಾಚಾರ ಅರ್ಥ ಮಾಡಿಕೊಳ್ಳಿ. ನಿಮ್ಮ ಚಿಕ್ಕಮ್ಮ, ನಿಮ್ಮ ಟೀಚರ್, ನಿಮ್ಮ ಹಳೇ ಸಹಪಾಠಿ ದುಡ್ಡು ಹಾಕುವುದು ಆ ಸಂಸ್ಥೆಯನ್ನು ನೋಡಿ ಅಲ್ಲ, ನಿಮ್ಮ ಮುಖ ನೋಡಿ. ಒಂದು ಸಲ ಕೊಡುತ್ತಾರೆ. ಎರಡನೇ ಸಲ ಮೆಸೇಜ್ ನೋಡಿಯೂ ನೋಡದ ಹಾಗೆ ಇರುತ್ತಾರೆ. ಅಲ್ಲಿಗೆ ಒಬ್ಬ ಇಂಟರ್ನ್ ಮುಗಿದಳು, ಹೊಸ ಬ್ಯಾಚ್ ಬೇಕು. ವರ್ಷವಿಡೀ ಯಾಕೆ ಇವರು ಜಾಹೀರಾತು ಹಾಕುತ್ತಲೇ ಇರುತ್ತಾರೆ ಅನ್ನುವುದಕ್ಕೆ ಬೇರೆ ವಿವರಣೆ ನನಗಂತೂ ಕಾಣಲಿಲ್ಲ. ಕೊಟ್ಟವರು ರಸೀದಿ ಕೇಳುವುದೂ ನಿಮ್ಮನ್ನೇ. ನನ್ನ ಸಂಬಂಧಿಕರೊಬ್ಬರು ಕೇಳಿ ಕೇಳಿ ಸಾಕಾಗಿ ಸುಮ್ಮನಾದರು. ರಸೀದಿ ಕೊನೆಗೂ ಬರಲಿಲ್ಲ.

ನಿಜವಾದ ಮಾರ್ಕೆಟಿಂಗ್ ಕೆಲಸ ಅಲ್ಲಿ ಬೇಕಾದಷ್ಟಿತ್ತು. ಗೂಗಲ್ ಆ್ಯಡ್ ಗ್ರ್ಯಾಂಟ್ಸ್ ಅಂತ ಒಂದಿದೆ. ಅರ್ಹ ಸೇವಾ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್‌ವರೆಗಿನ ಸರ್ಚ್ ಜಾಹೀರಾತು ಉಚಿತ. ಆದರೆ ಸುಮ್ಮನೆ ಸಿಗುವುದಿಲ್ಲ, ಖಾತೆಯ ಕ್ಲಿಕ್ ಪ್ರಮಾಣ, ಅಂದರೆ ಜಾಹೀರಾತು ಕಂಡ ಸಲಗಳಲ್ಲಿ ಎಷ್ಟು ಸಲ ಕ್ಲಿಕ್ ಆಯಿತು ಅನ್ನುವ ಲೆಕ್ಕ, 5% ಗಿಂತ ಕೆಳಗಿಳಿಯದಂತೆ ಕೀವರ್ಡ್‌ಗಳನ್ನು (ಜನ ಹುಡುಕುವ ಪದಗಳನ್ನು) ತಿದ್ದುತ್ತಾ ಇರಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇದೆಯೇ? ಇದಕ್ಕೆ ಅರ್ಜಿ ಹಾಕೋಣ, ನಾನೇ ನೋಡಿಕೊಳ್ಳುತ್ತೇನೆ ಅಂದೆ. “ಅದೆಲ್ಲ ಟೈಮ್ ಹಿಡಿಯುತ್ತೆ, ನೀವು ಲಿಂಕ್ ಶೇರ್ ಮಾಡಿ” ಅಂದರು. ಬದಲಿಗೆ, ಫೇಸ್‌ಬುಕ್ ಜಾಹೀರಾತಿಗೆ ಇಂಟರ್ನ್‌ಗಳು ತಮ್ಮದೇ ಕಾರ್ಡ್ ಹಾಕಲಿ, ದುಡ್ಡು ಆಮೇಲೆ ವಾಪಸ್ ಕೊಡುತ್ತೇವೆ ಅನ್ನುವ ಸಲಹೆ ಬಂತು. ನಾನು ಹಾಕಲಿಲ್ಲ. ಹಾಕಿದವನೊಬ್ಬ ಇನ್ನೂ ಆ ದುಡ್ಡಿಗಾಗಿ ಮೇಲ್ ಬರೆಯುತ್ತಿದ್ದಾನೆ.

ನಾನು ಬಿಟ್ಟದ್ದು ಮಾತ್ರ ಒಂದು ಫೋಟೋದ ಕಾರಣಕ್ಕೆ. ನೋಟ್‌ಬುಕ್ ಎದೆಗವಚಿಕೊಂಡು ನಿಂತ ಪುಟ್ಟ ಹುಡುಗಿ, ಒಂದು ಕಡೆ ರಿಬ್ಬನ್ ಬಿಚ್ಚಿಹೋಗಿದೆ. ಶಿಕ್ಷಣದ ಕ್ಯಾಂಪೇನಿನಲ್ಲಿ ಅವಳಿಗೊಂದು ಹೆಸರು. ಹಳೆಯ ಫೋಲ್ಡರ್ ತೆರೆದರೆ ಅದೇ ರಿಬ್ಬನ್, ಅದೇ ನೋಟ್‌ಬುಕ್, ಚಿಕಿತ್ಸೆಯ ಕ್ಯಾಂಪೇನಿನಲ್ಲಿ ಇನ್ನೊಂದು ಹೆಸರು, ಜೊತೆಗೊಂದು ಕಾಯಿಲೆ. ಗುರುತು ಮುಚ್ಚಲು ಹೆಸರು ಬದಲಿಸುವುದು ಬೇರೆ, ಅದನ್ನು ಒಪ್ಪುತ್ತೇನೆ. ಇಲ್ಲದ ಕಾಯಿಲೆ ಅಂಟಿಸುವುದು ಬೇರೆ. ಪೋಷಕರ ಒಪ್ಪಿಗೆ ಪತ್ರ ಇದೆಯಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಆ ಫೋಲ್ಡರ್ ನನಗೆ ತೆರೆಯದಂತಾಯಿತು.

ಕಾನೂನಿನ ರಕ್ಷಣೆ ಇರುತ್ತದಲ್ಲ ಅನ್ನಬೇಡಿ. ಬ್ರಿಟನ್ನಿನ 1998ರ ಕನಿಷ್ಠ ವೇತನ ಕಾಯ್ದೆಯಲ್ಲೇ ಚಾರಿಟಿಗಳ ಸ್ವಯಂಸೇವಕರಿಗೆ ವಿನಾಯಿತಿ ಇದೆ. ಅಮೆರಿಕದ ಕಾರ್ಮಿಕ ಇಲಾಖೆಯೂ, ಸಂಬಳ ನಿರೀಕ್ಷಿಸದೆ ಸ್ವಇಚ್ಛೆಯಿಂದ ಬಂದವರ ಮಟ್ಟಿಗೆ, ಸೇವಾ ಸಂಸ್ಥೆಗಳ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ ಅನ್ನುತ್ತದೆ. ಒಳ್ಳೆಯ ಸಂಸ್ಥೆಗಳಿಗೆ ಅದು ಬೇಕಾದ ವಿನಾಯಿತಿಯೇ. ಬಿಟ್ಟಿ ಚಾಕರಿ ಮಾಡಿಸುವವರೂ ಅದೇ ಕೊಡೆಯ ಕೆಳಗೆ ನಿಲ್ಲುತ್ತಾರೆ, ಅಷ್ಟೇ.

ಹಾಗಾಗಿ ಸೇರುವ ಮೊದಲು ಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ದೇಣಿಗೆ ಟಾರ್ಗೆಟ್ ಇದೆಯಾ, ಸರ್ಟಿಫಿಕೇಟಿಗೂ ಅದಕ್ಕೂ ಸಂಬಂಧ ಇದೆಯಾ, ನನ್ನ ಕೆಲಸ ನೋಡಿ ತಿದ್ದುವವರು ಯಾರು, ಮಾಡಿದ್ದನ್ನು ನನ್ನ ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದಾ. ಮೂರನೇ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಬರದಿದ್ದರೆ ಕಲಿಸುವವರು ಯಾರೂ ಇಲ್ಲ ಅಂತಲೇ ಲೆಕ್ಕ. ಹಳೆಯ ಇಂಟರ್ನ್‌ಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ನೇರವಾಗಿ ಮಾತಾಡಿಸಿ. ಐದು ಸ್ಟಾರ್ ರಿವ್ಯೂಗಳನ್ನು ನಂಬಬೇಡಿ. ರಿವ್ಯೂ ಬರೆದು ಸ್ಕ್ರೀನ್‌ಶಾಟ್ ಕಳಿಸಿದರೆ ಮಾತ್ರ ಸರ್ಟಿಫಿಕೇಟ್ ಅಂತ ನಮಗೂ ಹೇಳಿದ್ದರು.

ಈಗಾಗಲೇ ಒಳಗಿದ್ದೀರಾ? ಗ್ರೂಪ್ ಬಿಡುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆ್ಯಡ್ ಖಾತೆಗೆ ಕಾರ್ಡ್ ಹಾಕಿದ್ದರೆ ಜಾಹೀರಾತು ನಿಲ್ಲಿಸಿ ಕಾರ್ಡ್ ತೆಗೆಯಿರಿ. ನಿಮ್ಮ ಹೆಸರಿನ ದೇಣಿಗೆ ಪುಟ ಮುಚ್ಚಿಸಿ. ನಿಮ್ಮ ಮಾತಿನ ಮೇಲೆ ಕೊಟ್ಟವರಿಗೆ ರಸೀದಿ ಕಳಿಸಿ ಅಂತ ಸಂಸ್ಥೆಗೆ ಮೇಲ್ ಹಾಕಿ, ಸಿಸಿಯಲ್ಲಿ ಕೊಟ್ಟವರನ್ನೂ ಸೇರಿಸಿ.