ನೆಟ್ ಇಲ್ಲದ ಮಳೆಗಾಲಕ್ಕೆ ಲಿನಕ್ಸ್ ಮಿಂಟ್

ತೀರ್ಥಹಳ್ಳಿ, ಹೊಸನಗರ ಕಡೆಯವರು ಯಾರಾದರೂ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಆಷಾಢದಲ್ಲಿ ಮರ ಬಿದ್ದು ಲೈನ್ ಹೋಯಿತು, ಟವರ್‌ನ ಬ್ಯಾಟರಿಯೂ ಮುಗಿಯಿತು, ಎರಡು ದಿನ ನೆಟ್ ಇಲ್ಲ. ಆಗಲೂ ಅದು ಕೆಲಸಕ್ಕೆ ಬರುತ್ತದೆಯಾ? ಪೇಟೆಯಲ್ಲಿ ಕೂತು ಬರೆಯುವ ವಿಮರ್ಶೆಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ವೇಗ ಎಷ್ಟು, ಪರದೆ ಎಷ್ಟು ಚಂದ ಅಂತ ಬರೆಯುತ್ತಾರೆ. ಮಲೆನಾಡಿನ ಮನೆಗೆ ಅದೆಲ್ಲ ಆಮೇಲಿನ ಮಾತು.

ಈ ಲೆಕ್ಕದಲ್ಲಿ ಲಿನಕ್ಸ್ ಮಿಂಟ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ ಅದು. 21ನೇ ಆವೃತ್ತಿಯಿಂದ ಬಳಸುತ್ತಾ ಬಂದು ಈಗ 22ರಲ್ಲಿದ್ದೇನೆ. ಮನೆಯಲ್ಲಿರುವುದು ಇಂಟೆಲ್ ಐದನೇ ತಲೆಮಾರಿನ ಐ3 ಲ್ಯಾಪ್‌ಟಾಪ್. ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ, ರ‍್ಯಾಮ್ 8 ಜಿಬಿ ಮಾಡಿಸಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಕೀಲಿಮಣೆ, ಪರದೆ, ಎಲ್ಲವೂ ಸರಿಯಾಗಿರುವ ಯಂತ್ರವನ್ನು ಇದೊಂದೇ ಕಾರಣಕ್ಕೆ ಅಟ್ಟಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಿಂಟ್ 22 ಬಂದದ್ದು 2024ರ ಜುಲೈನಲ್ಲಿ. ಅದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಮಿಂಟ್ ಬೇರೆ ಬೇರೆ ಪರದೆ ವಿನ್ಯಾಸಗಳಲ್ಲಿ ಬರುತ್ತದೆ, ನಾನು ಬಳಸುವುದು ಎಕ್ಸ್‌ಎಫ್‌ಸಿಇ ಎಂಬುದು. ಹಳೇ ಯಂತ್ರಕ್ಕೆ ಅದೇ ಹಗುರ.

ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅಪ್‌ಡೇಟ್ ವಿಷಯ. ಹೊಸ ಅಪ್‌ಡೇಟ್ ಇದ್ದರೆ ಮೂಲೆಯಲ್ಲಿ ಒಂದು ಸಣ್ಣ ಗುರುತು ಕಾಣಿಸುತ್ತದೆ, ಅಷ್ಟೇ. ನಾವು ಒತ್ತುವವರೆಗೆ ಇಳಿಸುವುದಿಲ್ಲ. ಎಷ್ಟು ಎಂಬಿ ಆಗುತ್ತದೆ ಅಂತ ಮೊದಲೇ ತೋರಿಸುತ್ತದೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ದಿನದ ಡೇಟಾ ನೋಡಿ ನೋಡಿ ಖರ್ಚು ಮಾಡುವ ಮನೆಗೆ ಇದು ದೊಡ್ಡ ವಿಷಯ. ನಾನು ಅಪ್‌ಡೇಟ್ ಎಲ್ಲ ಶಿವಮೊಗ್ಗಕ್ಕೆ ಹೋದಾಗ ತಂಗಿಯ ಮನೆಯ ವೈಫೈನಲ್ಲಿ ಮುಗಿಸಿಕೊಂಡು ಬರುತ್ತೇನೆ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ ಹಾಕಲು ಸ್ನ್ಯಾಪ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಬಂದ ಆಪ್‌ಗಳು ತಮ್ಮಷ್ಟಕ್ಕೆ ಹೊಸದಾಗುತ್ತಿರುತ್ತವೆ. ಮಿಂಟ್ ತಯಾರಾಗುವುದು ಉಬುಂಟು ಆಧಾರದ ಮೇಲೇ. ಆದರೂ 2020ರಲ್ಲಿ ಬಂದ 20ನೇ ಆವೃತ್ತಿಯಿಂದ ಸ್ನ್ಯಾಪನ್ನು ಹೊರಗೇ ಇಟ್ಟಿದ್ದಾರೆ. ಬೇಕಾದವರು ತಾವೇ ಹಾಕಿಕೊಳ್ಳಬಹುದು.

ಒಂದು ಕಡೆ ಮಾತ್ರ ಎಚ್ಚರ ಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಒಂದೇ ಆಪ್ ಎರಡು ರೂಪದಲ್ಲಿ ಸಿಗಬಹುದು: ಸಿಸ್ಟಂ ಪ್ಯಾಕೇಜ್ ಮತ್ತು ಫ್ಲಾಟ್‌ಪ್ಯಾಕ್. ಫ್ಲಾಟ್‌ಪ್ಯಾಕ್ ಆರಿಸಿದರೆ ಆಪ್ ಜೊತೆ ಅದು ನಡೆಯಲು ಬೇಕಾದ ಪೂರಕ ಫೈಲ್‌ಗಳ ಕಟ್ಟು (ರನ್‌ಟೈಮ್) ಕೂಡ ಇಳಿಯುತ್ತದೆ, ನೂರಾರು ಎಂಬಿ. ಡೇಟಾ ಕಡಿಮೆ ಇದ್ದರೆ ಸಿಸ್ಟಂ ಪ್ಯಾಕೇಜ್ ಸಾಕು.

ಮಿಂಟ್ ಜೊತೆಗೇ ಬರುವ ವಾರ್ಪಿನೇಟರ್ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಎರಡು ಸಾಧನಗಳು ಒಂದೇ ವೈಫೈನಲ್ಲಿದ್ದರೆ ಇಂಟರ್‌ನೆಟ್ ಇಲ್ಲದೇ ಫೈಲ್ ಕಳಿಸಬಹುದು. ಆಂಡ್ರಾಯ್ಡ್‌ಗೂ ಬೇರೆಯವರು ಮಾಡಿದ ಆಪ್ ಇದೆ. ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ ಸಾಕು, ಸಿಗ್ನಲ್ ಒಂದು ಕಡ್ಡಿ ಇಲ್ಲದಿದ್ದರೂ ಮದುವೆ ಮನೆಯ ಫೋಟೋ, ತೋಟದ ವಿಡಿಯೋ ಎಲ್ಲ ಲ್ಯಾಪ್‌ಟಾಪ್‌ಗೆ ಬರುತ್ತವೆ. ಪಕ್ಕದ ಕೋಣೆಗೆ ಒಂದು ಫೋಟೋ ಕಳಿಸುವುದಕ್ಕೆ ದೂರದ ಯಾವುದೋ ಸರ್ವರ್‌ಗೆ ಹೋಗಿ ಬರಬೇಕು ಅನ್ನುವುದೇ ವಿಚಿತ್ರ ಅಲ್ವಾ?

ಅಡಿಕೆ ತೋಟದ ಲೆಕ್ಕಕ್ಕೆ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆ ಬಳಸುತ್ತೇನೆ. ಕೊಳೆ ರೋಗದ ಔಷಧಿಗೆ ಮೈಲುತುತ್ತ, ಸುಣ್ಣ ಎಷ್ಟು ಬಂತು, ಕೊನೆಗಾರನಿಗೆ ಎಷ್ಟು ಕೊಟ್ಟೆವು, ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಬೆಟ್ಟೆ ಎಷ್ಟಕ್ಕೆ ಹೋಯಿತು, ಎಲ್ಲ ಅದರಲ್ಲೇ. ಇದನ್ನು ಆನ್‌ಲೈನ್ ಶೀಟ್‌ನಲ್ಲಿ ಇಡಿ ಅಂತ ಸಲಹೆ ಕೊಟ್ಟವರಿದ್ದಾರೆ. ಕೆಲಸದವರು ಸಂಜೆ ಜಗಲಿಯಲ್ಲಿ ಕೂತು ಲೆಕ್ಕ ಕೇಳಿದಾಗ ನೆಟ್ ಬರಲಿ, ಆಮೇಲೆ ಹೇಳುತ್ತೇನೆ ಅನ್ನಲಾಗುತ್ತದೆಯೇ? ಲೆಕ್ಕ ಮನೆಯಲ್ಲೇ ಇರಬೇಕು.

ಕರೆಂಟ್ ಹೋಗುವುದರ ಬಗ್ಗೆಯೂ ಹೇಳಬೇಕು. ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಹೆಚ್ಚು ಹೊತ್ತು ತಡೆಯುವುದಿಲ್ಲ. ಇನ್ವರ್ಟರ್ ಇಳಿದುಹೋದ ದಿನ ಯಂತ್ರ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮಿಂಟ್ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಜರ್ನಲ್ ಎಂಬುದಿದೆ. ಡಿಸ್ಕ್‌ನಲ್ಲಿ ಏನು ಬದಲಾಗಲಿದೆ ಅಂತ ಅದು ಮೊದಲೇ ಗುರುತು ಹಾಕಿಕೊಳ್ಳುತ್ತದೆ. ಹಾಗಾಗಿ ಮುಂದಿನ ಸಲ ಶುರುವಾದಾಗ ಎಲ್ಲಿ ನಿಂತಿತ್ತು ಅಂತ ನೋಡಿ ಸರಿ ಮಾಡಿಕೊಳ್ಳುತ್ತದೆ. ಆದರೆ ನಾವು ಉಳಿಸದೇ ಬಿಟ್ಟ ಬರಹವನ್ನು ಜರ್ನಲ್ ಕಾಯುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ತಾನಾಗಿ ಉಳಿಸಿಕೊಳ್ಳುವ ಅವಧಿ ಮೊದಲಿಗೆ 10 ನಿಮಿಷ ಇರುತ್ತದೆ. ಅದನ್ನು 2 ನಿಮಿಷಕ್ಕೆ ಇಳಿಸಿಕೊಳ್ಳಿ. ನಮ್ಮ ಊರಿನ ಗುಡುಗಿಗೆ ಹತ್ತು ನಿಮಿಷ ಜಾಸ್ತಿಯಾಯಿತು.

ಈಗ ಕನ್ನಡ. ಇಲ್ಲಿ ನನಗೆ ಸಂತೋಷವೂ ಇದೆ, ಬೇಸರವೂ ಇದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕೈ ಪಳಗಿದವರಿಗೆ ಅದೇ ಕೀಲಿಮಣೆ ಇಲ್ಲೂ ಸಿಗುತ್ತದೆ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕೆಜಿಪಿ ವಿನ್ಯಾಸ ಆರಿಸಿದರೆ ಬೆರಳು ಹೊಸದಾಗಿ ಕಲಿಯಬೇಕಾಗಿಲ್ಲ. ಮಿಂಟ್‌ನ ಕೀಲಿಮಣೆ ಪಟ್ಟಿಯಲ್ಲೇ ಕಗಪ ಎಂಬ ಇನ್ನೊಂದು ಆಯ್ಕೆಯಿದೆ. ಅದರಲ್ಲಿ ಸ್ವರಚಿಹ್ನೆಗಳು ತಾವಾಗಿ ಕೂಡುವುದಿಲ್ಲ, ಹಾಗಾಗಿ ನುಡಿಯವರಿಗೆ ಐಬಸ್ಸೇ ಸರಿ. ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ಗುಬ್ಬಿ, ನವಿಲು, ಲೋಹಿತ್, ನೋಟೋ ಅಂತ ಉಚಿತ ಫಾಂಟ್‌ಗಳು ಇವೆ. ಕರಪತ್ರಕ್ಕೆ ನನಗೆ ನವಿಲು ಇಷ್ಟ. ಅದರ ಬಳುಕು ಕೈಬರಹದ ಹತ್ತಿರ ಇದೆ.

ಬೇಸರ ಇರುವುದು ಹಳೇ ಫೈಲ್‌ಗಳಲ್ಲಿ. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಎಷ್ಟೋ ಫೈಲ್‌ಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತದಲ್ಲಿ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಚಿಹ್ನೆಗಳ ಗೋಜಲು. ಪರಿವರ್ತಕ ಹಾಕಿ ಸರಿ ಮಾಡಬೇಕು, ಆಮೇಲೆ ಒಮ್ಮೆ ಕಣ್ಣಾಡಿಸಬೇಕು. ನಮ್ಮ ಊರಿನ ಯಕ್ಷಗಾನದ ಕರಪತ್ರ ತೆಗೆದುಕೊಂಡು ಹೋದಾಗ ಮುದ್ರಣಾಲಯದವರು, "ನುಡಿ ಫೈಲ್ ಕೊಡಿ ಮಾರಾಯ್ರೆ, ಇದು ನಮ್ಮಲ್ಲಿ ಓಪನ್ ಆಗಲ್ಲ" ಅಂದರು. ಅವರಲ್ಲಿದ್ದದ್ದು ಪುಟ ಕಟ್ಟುವ ಹಳೇ ತಂತ್ರಾಂಶ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ! ಅವರನ್ನು ದೂರಿ ಉಪಯೋಗವಿಲ್ಲ, ವರ್ಷಗಟ್ಟಲೆಯ ಕೆಲಸವೆಲ್ಲ ಆ ಫಾಂಟ್‌ಗಳಲ್ಲೇ ಇದೆ. ಈಗ ನಾನೇ ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ, ಫಾಂಟ್ ಸೇರಿಸಿದ ಪಿಡಿಎಫ್ ಕೊಡುತ್ತೇನೆ. ಸ್ಕ್ರೈಬಸ್ 1.6 ಅಥವಾ ಅದಕ್ಕಿಂತ ಹೊಸದು ಬೇಕು, ಹಳೇ 1.4ರಲ್ಲಿ ಒತ್ತಕ್ಷರ ಕೂಡುವುದಿಲ್ಲ.

ಆಟಗಳ ವಿಷಯಕ್ಕೆ ಮಕ್ಕಳ ಅಭಿಪ್ರಾಯವೂ ನನ್ನದೂ ಒಂದೇ ಅಲ್ಲ. ದೊಡ್ಡವನಿಗೆ ವ್ಯಾಲೊರಂಟ್ ಎಂಬ ಆನ್‌ಲೈನ್ ಆಟ ಬೇಕು. ಅದರಲ್ಲಿ ಮೋಸ ತಡೆಯುವ ಆಂಟಿ ಚೀಟ್ ವ್ಯವಸ್ಥೆಯಿಂದಾಗಿ ಅದು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಅದೇ ಮುಖ್ಯ ಅನ್ನುವವರು ಮಿಂಟ್ ಕಡೆ ಬರಬೇಡಿ. ಆದರೆ ಒಬ್ಬರೇ ಆಡುವ ಆಟಗಳ ಪರಿಸ್ಥಿತಿ ತುಂಬಾ ಸುಧಾರಿಸಿದೆ. 2018ರಲ್ಲಿ ವಾಲ್ವ್ ಕಂಪನಿ ತನ್ನ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರೋಟಾನ್ ಎಂಬ ಸಾಧನ ತಂದ ಮೇಲೆ ವಿಂಡೋಸ್‌ಗೆ ಬರೆದ ಸಾವಿರಾರು ಆಟಗಳು ಲಿನಕ್ಸ್‌ನಲ್ಲೂ ನಡೆಯುತ್ತಿವೆ. ನನಗಂತೂ ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದೇ ಇಷ್ಟ. ಅಲ್ಲಿ ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಹಾಕುವಾಗ ಲಾಗಿನ್ ಬೇಡ, ನೆಟ್ ಬೇಡ. ಸ್ಟಾರ್‌ಡ್ಯೂ ವ್ಯಾಲಿ ಹಾಗೆ ತೆಗೆದುಕೊಂಡದ್ದು. ಒಬ್ಬನೇ ವ್ಯಕ್ತಿ, ಎರಿಕ್ ಬರೋನ್, ತಯಾರಿಸಿ 2016ರಲ್ಲಿ ಹೊರತಂದ ಬೇಸಾಯದ ಆಟ. ಲಿನಕ್ಸ್‌ಗೇ ಪ್ರತ್ಯೇಕ ಆವೃತ್ತಿ ಇದೆ, ನಮ್ಮ ಐ3 ಮೇಲೂ ನೀರು ಕುಡಿದಂತೆ ಓಡುತ್ತದೆ.

ಇನ್ನೊಂದು 0 ಎ.ಡಿ. ಎಂಬ ಹಳೇ ಕಾಲದ ರಾಜ್ಯಗಳ ಯುದ್ಧದ ಆಟ, ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಅದರಲ್ಲಿ ಮೌರ್ಯರಾಗಿ ಆಡಬಹುದು. ಮೌರ್ಯರಿಗೆ ಯುದ್ಧದ ಆನೆಗಳಲ್ಲದೆ ಕೆಲಸಕ್ಕೆ ಸಹಾಯ ಮಾಡುವ ಆನೆಯೂ ಇದೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆ ಸ್ನಾನ ನೋಡಿ ಬಂದ ಮಗಳು ಬೇರೆ ಯಾವ ರಾಜ್ಯವನ್ನೂ ಆರಿಸುವುದಿಲ್ಲ. ಸೈನ್ಯ ಜಾಸ್ತಿಯಾದರೆ ಹಳೇ ಯಂತ್ರ ಉಸಿರುಗಟ್ಟುತ್ತದೆ, ಸಣ್ಣ ಭೂಪಟ ಆರಿಸಬೇಕು. ಮನೆಯೊಳಗಿನ ವೈಫೈನಲ್ಲೇ ಇಬ್ಬರು ಎದುರುಬದುರು ಆಡಬಹುದು, ಇಂಟರ್‌ನೆಟ್ ಬೇಕಿಲ್ಲ.

ಶಾಲೆಯ ಮಕ್ಕಳಿರುವ ಮನೆಯವರು ಕಿವಿಕ್ಸ್ ಹಾಕಿಕೊಳ್ಳಿ. ಕನ್ನಡ ವಿಕಿಪೀಡಿಯವನ್ನು ಒಂದೇ ಫೈಲಾಗಿ ಇಳಿಸಿಟ್ಟುಕೊಂಡು ನೆಟ್ ಇಲ್ಲದೇ ಓದಬಹುದು.

ಯಾರಿಗೆ ಇದು ಬೇಡ? ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಇಡುವವರಿಗೆ ಬೇಡ, ಅದು ವಿಂಡೋಸ್‌ನದ್ದು. ಡಿಜಿಟಲ್ ಸಹಿಯ ಟೋಕನ್ ದಿನಾ ಬಳಸುವವರೂ ಮೊದಲು ವಿಚಾರಿಸಿ. ವಾಟ್ಸಾಪ್ ಬ್ರೌಸರ್‌ನಲ್ಲೇ ನೋಡಬೇಕು, ಬೇರೆ ಅಧಿಕೃತ ಆಪ್ ಇಲ್ಲ. ಪ್ರಿಂಟರ್ ವಿಷಯದಲ್ಲಿ ಈಚಿನ ವೈಫೈ ಪ್ರಿಂಟರ್‌ಗಳು ಡ್ರೈವರ್ ಇಲ್ಲದೇ ನಡೆಯುತ್ತವೆ. ಹಳೇ ಅಗ್ಗದ ಲೇಸರ್ ಪ್ರಿಂಟರ್ ಇದ್ದರೆ ಪರೀಕ್ಷಿಸದೇ ಮುಂದೆ ಹೋಗಬೇಡಿ.

ಪರೀಕ್ಷಿಸುವುದು ಸುಲಭ. ಇಡೀ ಮಿಂಟ್ ಇರುವ ಐಎಸ್‌ಒ ಫೈಲ್ 3 ಜಿಬಿ ಆಸುಪಾಸು ಇರುತ್ತದೆ, ಪೇಟೆಯ ವೈಫೈನಲ್ಲಿ ಇಳಿಸಿ. ಮಿಂಟ್‌ನ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಂಖ್ಯೆ, ಅಂದರೆ ಫೈಲಿನ ಗುರುತು, ನೀವು ಇಳಿಸಿದ ಫೈಲಿನದಕ್ಕೆ ಹೊಂದುತ್ತದೆಯಾ ಅಂತ ನೋಡಿ. 2016ರ ಫೆಬ್ರುವರಿಯಲ್ಲಿ ಅವರ ತಾಣಕ್ಕೆ ಕನ್ನ ಹಾಕಿ ಕೆಟ್ಟ ಫೈಲ್ ಇಟ್ಟಿದ್ದರು, ಅದಕ್ಕೇ ಈ ಮಾತು. 8 ಜಿಬಿ ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಯಂತ್ರ ಶುರು ಮಾಡಿದರೆ ಒಳಗಿನ ಡಿಸ್ಕನ್ನು ಮುಟ್ಟದೇ ಮಿಂಟ್ ನಡೆಯುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಅಲ್ಲೇ ನೋಡಿಕೊಳ್ಳಿ. ಹಾಕುವ ತೀರ್ಮಾನ ಮಾಡಿದರೆ ನಿಮ್ಮ ಫೈಲ್‌ಗಳ ನಕಲನ್ನು ಬೇರೆ ಡಿಸ್ಕ್‌ನಲ್ಲಿ ತೆಗೆದಿಟ್ಟು, ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿ.