ಆರಿದ ಹಿಟ್ಟು: ಕಲಬುರಗಿಯ ಒಂದು ಖಾನಾವಳಿಯ ಊಟ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯಿಂದ ಜಗತ್ ವೃತ್ತದತ್ತ ನಡೆದು ಬರುವಾಗ ಅಂಗಡಿಗಳ ನಡುವೆ ಒಂದು ಇಕ್ಕಟ್ಟಾದ ಓಣಿ ಸಿಗುತ್ತದೆ. ಆ ಓಣಿಯ ಒಳಗಿರುವ ಖಾನಾವಳಿಯಲ್ಲಿ ನಾನು ಕಳೆದ ನಾಲ್ಕು ವರ್ಷಗಳಿಂದ ವಾರಕ್ಕೆ ಎರಡು ಸಲವಾದರೂ ಮಧ್ಯಾಹ್ನದ ಊಟ ಮಾಡುತ್ತಿದ್ದೇನೆ. ಅದರ ಹೆಸರನ್ನು ಬರೆಯುವುದಿಲ್ಲ. ಬರಿಯ ಹೊಗಳಿಕೆಯಾಗಿದ್ದರೆ ಬರೆಯುತ್ತಿದ್ದೆ. ಇಲ್ಲಿ ದೂರೂ ಇದೆ, ಮತ್ತು ಆ ದೂರಿನಲ್ಲಿ ಮಾಲೀಕರ ಪಾಲೆಷ್ಟು, ನನ್ನಂಥ ಗಿರಾಕಿಗಳ ಪಾಲೆಷ್ಟು ಎಂಬುದು ನನಗೇ ಇನ್ನೂ ಬಗೆಹರಿದಿಲ್ಲ.

ಮೊದಲು ರೊಟ್ಟಿಯ ಮಾತು. 130 ರೂಪಾಯಿಯ ಊಟದಲ್ಲಿ ಎರಡು ಬಿಸಿ ರೊಟ್ಟಿ, ಒಂದು ಕಾಳಿನ ಪಲ್ಲೆ, ಒಂದು ಸೊಪ್ಪಿನ ಪಲ್ಲೆ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಒಂದು ಹಿಡಿ ಅನ್ನ ಮತ್ತು ಸಾರು ಬರುತ್ತವೆ. ಹೆಚ್ಚಿಗೆ ಬೇಕೆನಿಸಿದ ರೊಟ್ಟಿಗೆ 15 ರೂಪಾಯಿ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಿಲ್ಲದ ಕಾರಣ ರೊಟ್ಟಿ ಬಡಿಯುವ ಸದ್ದು ಕೈ ತೊಳೆಯುವಾಗಲೇ ಕೇಳಿಸುತ್ತದೆ. ಹಂಚಿನ ಮುಂದೆ ಕುಳಿತಿರುವ ಅವ್ವನಿಗೆ ಅರವತ್ತು ದಾಟಿರಬೇಕು. ಗೋಧಿಯ ಹಿಟ್ಟಿಗಿರುವ ಅಂಟು ಜೋಳದ ಹಿಟ್ಟಿಗೆ ಹುಟ್ಟಿನಿಂದಲೇ ಇಲ್ಲ. ಕುದಿಯುವ ಎಸರನ್ನು ಸುರಿದು ನಾದಿದಾಗ ಮಾತ್ರ ಅದಕ್ಕೆ ಒಂದಿಷ್ಟು ಜಿಗಿ ಬರುತ್ತದೆ, ಮತ್ತು ಆ ಜಿಗಿ ಹಿಟ್ಟು ಬೆಚ್ಚಗಿರುವಷ್ಟು ಹೊತ್ತು ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಆಕೆ ಒಮ್ಮೆಗೆ ಐದಾರು ರೊಟ್ಟಿಗಾಗುವಷ್ಟು ಹಿಟ್ಟನ್ನಷ್ಟೇ ನಾದಿಕೊಳ್ಳುತ್ತಾರೆ, ಬಡಿದದ್ದನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ, ತಿರುವಿ ಹಾಕುತ್ತಾರೆ, ಅದು ಉಬ್ಬುವುದರೊಳಗೆ ಮುಂದಿನ ಉಂಡೆ ಕೈಗೆ ಬಂದಿರುತ್ತದೆ. ಆರಿದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಉಬ್ಬುವುದಿಲ್ಲ, ತಟ್ಟೆಗೆ ಬಂದ ಎರಡೇ ನಿಮಿಷದಲ್ಲಿ ಚರ್ಮದಂತಾಗುತ್ತದೆ. ಬೀಸಿಟ್ಟು ಬಹಳ ದಿನವಾದ ಹಿಟ್ಟಿಗೂ ಇದೇ ಗತಿ. ಈ ಖಾನಾವಳಿಯವರು ಹಿಂಗಾರಿನ ಬಿಳಿ ಜೋಳವನ್ನೇ ತಂದು ಎರಡು ದಿನಕ್ಕೊಮ್ಮೆ ಗಿರಣಿಗೆ ಕಳುಹಿಸುತ್ತಾರೆ. ನಾಲ್ಕು ವರ್ಷಗಳಲ್ಲಿ ಬಿರಿದ ರೊಟ್ಟಿಯನ್ನು ನಾನು ಇಲ್ಲಿ ತಿಂದದ್ದು ಒಂದೇ ದಿನ. ಆ ದಿನದ ಸಂಗತಿಗೆ ಆಮೇಲೆ ಬರುತ್ತೇನೆ.

ಪುಂಡಿ ಪಲ್ಲೆ ಇಲ್ಲಿ ಮಂಗಳವಾರ ಮತ್ತು ಗುರುವಾರ ಮಾತ್ರ ಇರುತ್ತದೆ. ಸೊಪ್ಪಿನ ಹುಳಿಯನ್ನು ಹದಕ್ಕೆ ತರುವುದಕ್ಕೆ ಜೋಳದ ನುಚ್ಚನ್ನೂ ತೊಗರಿ ಬೇಳೆಯನ್ನೂ ಕೂಡಿಸಿ ಬೇಯಿಸಿ, ಕಡೆಗೆ ಬೆಳ್ಳುಳ್ಳಿಯ ಒಗ್ಗರಣೆಯನ್ನು ಧಾರಾಳವಾಗಿ ಹಾಕುತ್ತಾರೆ. ಹಲವು ಕಡೆ ನುಚ್ಚು ಹೆಚ್ಚಾಗಿ ಅದು ಅಂಬಲಿಯಂತಾಗಿರುತ್ತದೆ. ಇಲ್ಲಿ ರೊಟ್ಟಿಯ ತುಣುಕಿನಿಂದ ಎತ್ತಿದರೆ ನಿಲ್ಲುತ್ತದೆ. ಶೇಂಗಾ ಹಿಂಡಿಯನ್ನು ಮಿಕ್ಸರಿನಲ್ಲಿ ತಿರುವದೆ ಕುಟ್ಟುತ್ತಾರಾದ್ದರಿಂದ ಕಾಳಿನ ಎಣ್ಣೆ ಬೆರಳಿಗೆ ಹತ್ತುತ್ತದೆ. ಬ್ಯಾಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ತೊಗರಿ ನಮ್ಮ ಜಿಲ್ಲೆಯದು, ಅದನ್ನು ಕೆಡಿಸಿ ಬೇಯಿಸುವುದಕ್ಕೆ ಬೇರೆಯದೇ ಪರಿಶ್ರಮ ಬೇಕು. ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮತ್ತು ಭಜ್ಜಿ ಪಲ್ಲೆಯೂ ಸಿಗುತ್ತವೆ. ಅನ್ನ ಸಾಧಾರಣ. ಸಾರು ನೀರು.

ಇಷ್ಟೆಲ್ಲ ಇರುವ ಊಟವು ಅವರ ಆಹಾರ ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಿದರೆ ಪ್ಲಾಸ್ಟಿಕ್ ಹೊದಿಸಿದ ನಾಲ್ಕನೆಯ ಪುಟದ ಕಟ್ಟಕಡೆಯ ಸಾಲಿನಲ್ಲಿ ಸಿಗುತ್ತದೆ. ಮೊದಲ ಮೂರು ಪುಟಗಳನ್ನು ಪನೀರ್ ಬಟರ್ ಮಸಾಲಾ, ಕಡಾಯಿ ಪನೀರ್, ಗೋಬಿ ಮಂಚೂರಿ, ಬಟರ್ ನಾನ್ ಮುಂತಾದವು ತುಂಬಿಕೊಂಡಿವೆ. ಪನೀರಿನ ಮೂರು ಬಗೆಗಳನ್ನೂ ನಾನು ಬೇರೆ ಬೇರೆ ದಿನ ರುಚಿ ನೋಡಿದ್ದೇನೆ; ಹೆಸರು ಮೂರು, ಕೆಂಪು ಗ್ರೇವಿ ಒಂದೇ. ಈ ಪಟ್ಟಿ ಯಾಕೆ ಹೀಗೆ ಎಂದು ಒಮ್ಮೆ ಮಾಲೀಕರನ್ನು ಕೇಳಿದ್ದೆ. “ಏನ್ ಮಾಡ್ಬೇಕ್ರೀ ಸರ್, ಒಬ್ಬರೇ ಬಂದ್ರ ರೊಟ್ಟಿ ಕೇಳ್ತಾರ, ನಾಲ್ಕು ಮಂದಿ ಕೂಡಿ ಬಂದ್ರ ಪನೀರ್ ಕೇಳ್ತಾರ” ಎಂದರು. ಇದಕ್ಕಿಂತ ನಿಖರವಾಗಿ ನಮ್ಮ ಊರಿನ ಊಟದ ರೀತಿಯನ್ನು ಹೇಳುವುದು ಕಷ್ಟ.

ಅದಕ್ಕೆ ನಾನೇ ಸಾಕ್ಷಿ. ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಬಡ್ತಿ ಸಿಕ್ಕಾಗ ಎಂಟು ಮಂದಿ ಇಲ್ಲಿಗೇ ಬಂದಿದ್ದೆವು, ಅದು ಗುರುವಾರವಾಗಿತ್ತು, ಪುಂಡಿ ಪಲ್ಲೆಯ ವಾಸನೆ ಬಾಗಿಲಲ್ಲಿಯೇ ಮೂಗಿಗೆ ಬಡಿದಿತ್ತು. ಹಿರಿಯ ಅಧಿಕಾರಿಗಳು ಪಟ್ಟಿಯ ಮೊದಲ ಪುಟವನ್ನಷ್ಟೇ ನೋಡಿ, “ಎಲ್ಲಾರಿಗೂ ಪನೀರ್ ನಡೀತದಲ್ರೀ?” ಎಂದರು. “ನಡೀತದ್ರೀ ಸರ್” ಎಂದು ಏಳು ಗಂಟಲುಗಳು ಒಂದೇ ಶ್ರುತಿಯಲ್ಲಿ ಹೇಳಿದವು, ಅವುಗಳಲ್ಲಿ ನನ್ನದೂ ಒಂದು. ಹಾಲಿನ ಪದಾರ್ಥ ಹೊಟ್ಟೆಗೆ ಆಗದ ಒಬ್ಬ ಸಹೋದ್ಯೋಗಿಯೂ ತಲೆಯಾಡಿಸಿ, ಆಮೇಲೆ ಗ್ರೇವಿಯಲ್ಲಿ ನಾನ್ ಅದ್ದಿಕೊಂಡು ಪನೀರಿನ ತುಂಡುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ ಹೋದರು. ಕೈ ತೊಳೆಯುವಾಗ ಹಿರಿಯ ಅಧಿಕಾರಿಗಳೇ ನನ್ನ ಪಕ್ಕದಲ್ಲಿ ನಿಂತು, ಮನೆಯಲ್ಲಿ ದಿನಾ ರೊಟ್ಟಿಯನ್ನೇ ತಿನ್ನುವುದಾಗಿಯೂ ನಾಲ್ಕು ಮಂದಿಯ ಎದುರು ರೊಟ್ಟಿ ತರಿಸಿದರೆ ಖರ್ಚಿಗೆ ಹಿಂದೆಗೆದರು ಅಂದುಕೊಳ್ಳುತ್ತಾರೇನೋ ಎಂದು ಅಳುಕಿದ್ದಾಗಿಯೂ ಹೇಳಿದರು. ಎಂಟು ಮಂದಿಯಲ್ಲಿ ಯಾರಿಗೂ ಬೇಡದ ಊಟಕ್ಕೆ ಅಂದು 2,340 ರೂಪಾಯಿ ಆಯಿತು.

ನನ್ನ ತಾಯಿಯ ಬಾಲ್ಯದಲ್ಲಿ ಅನ್ನ ಹಬ್ಬದ ಊಟವಾಗಿತ್ತು, ರೊಟ್ಟಿ ದಿನದ ಊಟ. ಪಡಿತರದ ಅಕ್ಕಿ ಮನೆ ಮನೆಗೆ ಬಂದ ಮೇಲೆ ದಿನವೂ ಅನ್ನ ಉಣ್ಣುವುದು ಸಾಧ್ಯವಾಯಿತು, ಅದು ಒಳ್ಳೆಯದೇ; ಆದರೆ ಅದರ ಜೊತೆಗೇ ಬೀಗರು ಬಂದಾಗ ರೊಟ್ಟಿ ಬಡಿಸುವುದು ಕೊರತೆಯ ಲಕ್ಷಣವೆಂಬ ಭಾವನೆಯೂ ಬಂತು. ಈಗ ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಜೋಳವನ್ನು ಹೇಳತೊಡಗಿದ ಮೇಲೆ, ಮತ್ತು 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ, ರೊಟ್ಟಿಯ ಮರ್ಯಾದೆ ಹಿಂಬಾಗಿಲಿನಿಂದ ಮರಳಿದೆ. ಮದುವೆ ಮಂಟಪಗಳಲ್ಲಿ ಹುಲ್ಲಿನ ಚಪ್ಪರ ಹಾಕಿ, ಇಬ್ಬರು ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಉಡಿಸಿ ಕೂರಿಸಿ, ಅತಿಥಿಗಳು ನಿಂತು ನೋಡುವುದಕ್ಕೆಂದು ಅವರಿಂದ ರೊಟ್ಟಿ ತಟ್ಟಿಸುತ್ತಾರೆ. ನೋಡಿದವರು ಚಾಟ್ ಮಳಿಗೆಗೆ ಹೋಗುತ್ತಾರೆ.

ಖಾನಾವಳಿಯ ಇನ್ನೊಂದು ಕಿರಿಕಿರಿ ಪಕ್ಕದ ಕುರ್ಚಿಯವರದು. ಮೇಜುಗಳು ಕಡಿಮೆಯಿರುವುದರಿಂದ ಅಪರಿಚಿತರ ಜೊತೆ ಕುಳಿತುಕೊಳ್ಳಬೇಕಾಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡನೆಯ ತುತ್ತಿಗೆ “ಯಾವ ಊರ್ರೀ?”, ಮೂರನೆಯದಕ್ಕೆ “ಅಡ್ಡಹೆಸರೇನ್ರೀ?”, ಐದನೆಯದಕ್ಕೆ “ನಿಮ್ಮಲ್ಲಿ ಮಟನ್ ನಡೀತದೇನ್ರೀ?” ಎಂಬ ಪ್ರಶ್ನೆಗಳು ಕ್ರಮವಾಗಿ ಬರುತ್ತವೆ, ಮತ್ತು ಮೂರಕ್ಕೂ ಬೇಕಾಗಿರುವ ಉತ್ತರ ಒಂದೇ. ‘ನಡೆಯುವುದಿಲ್ಲ’ ಎಂದು ಹೇಳಿಬಿಡುವುದು ಸುಲಭವೆಂದು ಕಲಿತವರು ನಮ್ಮಲ್ಲಿ ಬಹಳ ಮಂದಿ; ಅವರಲ್ಲಿ ಕೆಲವರನ್ನು ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಸಾಲಿನಲ್ಲಿ ಕಂಡು ನಾನೂ ಅವರೂ ಒಟ್ಟಿಗೆ ಮುಖ ತಿರುಗಿಸಿದ್ದೇವೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿದಂತೆ ಕೆಲವು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆಯನ್ನು, ತಿನ್ನದವರಿಗೆ ಬಾಳೆಹಣ್ಣನ್ನು ಕೊಡುವುದು ಆರಂಭವಾಗಿ, ಕೆಲವು ಮಠಾಧೀಶರು ವಿರೋಧಿಸಿದಾಗ, ಈ ಮೇಜುಗಳಲ್ಲಿ ಆ ಚರ್ಚೆ ವಾರಗಟ್ಟಲೆ ನಡೆಯಿತು. ಎರಡನೆಯ ಸಲ ಮೊಸರು ಹಾಕಿಸಿಕೊಳ್ಳುತ್ತ, ಮಕ್ಕಳಿಗೆ ಮೊಟ್ಟೆ ಅಗತ್ಯವೇ ಎಂದು ಕೇಳಿದವರನ್ನು ನಾನು ಎಣಿಸುವುದನ್ನು ಬಿಟ್ಟಿದ್ದೆ.

ಈಗ ಆ ದಿನದ ಸಂಗತಿ. ಕಳೆದ ಜನವರಿಯ ಕೊನೆಯ ವಾರ, ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿಯ ಆವಕ ಜೋರಾಗಿದ್ದ ಕಾಲ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಖಾನಾವಳಿ ತುಂಬಿತ್ತು. ನನ್ನ ಎದುರಿಗೆ ಆಳಂದ ಕಡೆಯಿಂದ ತೊಗರಿ ತಂದಿದ್ದ ಒಬ್ಬ ಹಿರಿಯರು ಕುಳಿತಿದ್ದರು. ನನ್ನ ತಟ್ಟೆಗೆ ಮೊದಲ ರೊಟ್ಟಿ ಬಂದಿತ್ತಷ್ಟೇ, ಹೊರಗೆ ಮೂರು ವಾಹನಗಳು ಓಣಿಯ ಬಾಯನ್ನು ಮುಚ್ಚಿ ನಿಂತವು. ಬಡಿಸುವ ಹುಡುಗ ಓಡಿ ಬಂದು, “ಸರ್, ಸ್ವಲ್ಪ ಆ ಕಡಿ ಸರೀರಿ, ಸಾಹೇಬ್ರು ಬರ್ಲತ್ತಾರ” ಎಂದ. ಸಾರ್ವಜನಿಕ ಜೀವನದಲ್ಲಿ ಹೆಸರಿರುವ ಒಬ್ಬ ಗಣ್ಯರು, ಜೊತೆಗೆ ಹದಿನೈದರಷ್ಟು ಹಿಂಬಾಲಕರು. ಕೋಣೆಯಲ್ಲಿದ್ದ ಎಲ್ಲರೂ ಎದ್ದು ನಿಂತರು. ನಾನೂ ನಿಂತೆ, ನಿಂತದ್ದಷ್ಟೇ ಅಲ್ಲ, ಎಂಜಲುಗೈಯನ್ನು ಎಡಗೈಗೆ ಜೋಡಿಸಿ ನಮಸ್ಕಾರವನ್ನೂ ಮಾಡಿದೆ. ಅವರು ನೋಡಲಿಲ್ಲ. ಎದುರಿಗಿದ್ದ ಹಿರಿಯರು ಮಾತ್ರ ತಲೆಯೆತ್ತದೆ, “ಕುಂದ್ರಪಾ, ರೊಟ್ಟಿ ಆರ್ತದ” ಎಂದರು.

ಗಣ್ಯರಿಗೆ ಊಟದ ಅವಸರವಿರಲಿಲ್ಲ. ನೇರವಾಗಿ ಹಂಚಿನ ಬಳಿಗೆ ನಡೆದರು, ಅವ್ವನನ್ನು ಎಬ್ಬಿಸಿದರು, ಆಕೆಯ ಮಣೆಯ ಮೇಲೆ ತಾವು ಕುಳಿತರು. ಬಡಿದ ಮೊದಲ ರೊಟ್ಟಿ ಎತ್ತುವಾಗ ಹರಿಯಿತು. ಎರಡನೆಯದು ಹಂಚಿನವರೆಗೆ ಮುಟ್ಟಿತು. ಚಿತ್ರ ಸರಿಯಾಗಿ ಬರಲಿಲ್ಲವೆಂದು ಒಬ್ಬರು, ಬೆಳಕು ಸಾಲದೆಂದು ಇನ್ನೊಬ್ಬರು ಮತ್ತೆ ಮತ್ತೆ ತೆಗೆಸಿದರು. ನಡುವೆ ಸಿರಿಧಾನ್ಯದ ಮಹಿಮೆ ಮತ್ತು ಸರಳ ಜೀವನದ ಬಗ್ಗೆ ಮೂರು ನಿಮಿಷದ ಒಂದು ಮಾತೂ ದಾಖಲಾಯಿತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಆಕೆಯ ಕಣ್ಣು ಗಣ್ಯರ ಮೇಲಿರಲಿಲ್ಲ, ಪರಾತದಲ್ಲಿದ್ದ ಹಿಟ್ಟಿನ ಮೇಲಿತ್ತು. ಇಪ್ಪತ್ತೈದು ನಿಮಿಷದ ಬಳಿಕ ಮಣೆ ಆಕೆಗೆ ಸಿಕ್ಕಿತು. ಹಿಟ್ಟು ಅಷ್ಟರಲ್ಲಿ ಆರಿತ್ತು. ಹೊಸದಾಗಿ ಎಸರಿಡಲು ಮಾಲೀಕರು ಬಿಡಲಿಲ್ಲ, ಏಕೆಂದರೆ ಒಲೆಯ ಎರಡೂ ಉರಿಗಳ ಮೇಲೆ ಹಿಂಬಾಲಕರ ಪನೀರ್ ಕುದಿಯುತ್ತಿತ್ತು. ಆ ಮಧ್ಯಾಹ್ನ ನಮಗೆಲ್ಲ ಬಂದದ್ದು ಅಂಚು ಬಿರಿದ, ಉಬ್ಬದ, ಮುರಿಯುವುದಕ್ಕೆ ಎರಡು ಕೈ ಬೇಕಾಗುವ ರೊಟ್ಟಿ. ಗಣ್ಯರು ಒಂದು ಬಟರ್ ನಾನ್ ಮತ್ತು ಮೊಸರು ತೆಗೆದುಕೊಂಡು ಹೊರಟರು. ಅವರ ಮೇಜಿನ ಬಿಲ್ಲನ್ನು ಮಾಲೀಕರು ಬರೆಯಲೇ ಇಲ್ಲ. ನನ್ನ ಬಿಲ್ಲಿನಲ್ಲಿ, ನಾನು ಕೇಳಿ ತಟ್ಟೆಗೆ ಬಾರದೇ ಹೋದ ಹೆಚ್ಚಿನ ರೊಟ್ಟಿಯ 15 ರೂಪಾಯಿಯೂ ಸೇರಿತ್ತು.

ಮಾಲೀಕರ ಕಷ್ಟ ನನಗೆ ಅರ್ಥವಾಗುತ್ತದೆ. ಓಣಿಯಲ್ಲಿ ಅಂಗಡಿ ಇಟ್ಟವರಿಗೆ ಪರವಾನಗಿ, ನೀರು, ಚರಂಡಿ, ಎಲ್ಲಕ್ಕೂ ಯಾರದಾದರೂ ಒಂದು ಮಾತು ಬೇಕಾಗುತ್ತದೆ, ಬಂದವರನ್ನು ಬೇಡವೆನ್ನುವ ಶಕ್ತಿ ಅವರಿಗಿಲ್ಲ. ಹಾಗಿದ್ದರೂ ಶರಣಬಸವೇಶ್ವರರ ದಾಸೋಹದ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವ ಊರಿನಲ್ಲಿ, ಒಂದೇ ಕೋಣೆಯಲ್ಲಿ ದುಡ್ಡು ಕೊಟ್ಟು ಉಣ್ಣುವವರ ರೊಟ್ಟಿಯನ್ನು ಆರಲು ಬಿಟ್ಟು, ದುಡ್ಡು ಕೊಡದವರಿಗೆ ಮಣೆ ಹಾಕುವುದಕ್ಕೆ ಪಂಕ್ತಿಭೇದವೆಂದಲ್ಲದೆ ಬೇರೆ ಹೆಸರು ನನಗೆ ತೋಚುವುದಿಲ್ಲ. ಆ 15 ರೂಪಾಯಿಯನ್ನು ಕೇಳಿ ಕಳೆಸಿಕೊಂಡೆ. ಮಾಲೀಕರು ನಾಚಿಕೊಂಡೇ ಕಳೆದರು, “ತಪ್ಪು ತಿಳ್ಕೋಬ್ಯಾಡ್ರೀ ಸರ್” ಎಂದರು. ಕೇಳಿದ್ದಕ್ಕೆ ನನಗೂ ನಾಚಿಕೆಯಾಯಿತು, ಅದು ಯಾಕೆಂದು ಇನ್ನೂ ತಿಳಿದಿಲ್ಲ.

ಹೋಗಬೇಕೆನ್ನುವವರಿಗೆ ಒಂದಿಷ್ಟು ವಿವರ. ಹನ್ನೆರಡೂವರೆಗೆ ಹೋದರೆ ಮೇಜು ಸಿಗುತ್ತದೆ, ಮೊದಲ ಹದದ ರೊಟ್ಟಿಯೂ ಸಿಗುತ್ತದೆ. ಪಟ್ಟಿಯನ್ನು ತೆರೆಯದೆ ‘ರೊಟ್ಟಿ ಊಟ’ ಎನ್ನಿ. ಕುಡಿಯುವ ನೀರು ಸ್ವಚ್ಛವಾಗಿದೆ, ಕೈ ತೊಳೆಯುವ ಜಾಗ ಅಷ್ಟಾಗಿ ಇಲ್ಲ. ಫೋನಿನಿಂದ ಹಣ ಕೊಡಬಹುದು. ಓಣಿಯೊಳಗೆ ವಾಹನ ನಿಲ್ಲಿಸಲು ಜಾಗವಿಲ್ಲ, ಗಣ್ಯರಾಗಿದ್ದರೆ ಬೇರೆ ಮಾತು. ರೊಟ್ಟಿ ಮತ್ತು ಪಲ್ಲೆಗೆ ಐದರಲ್ಲಿ ಐದು ಅಂಕ, ಪನೀರಿಗೆ ಒಂದು, ಬಡಿಸುವ ಕ್ರಮಕ್ಕೆ ಎರಡು ಕೊಡುತ್ತೇನೆ.

ಮುಂದಿನ ಮಂಗಳವಾರ ನಾನು ಮತ್ತೆ ಹೋಗಿದ್ದೆ. ರೊಟ್ಟಿ ಎಂದಿನಂತೆ ಉಬ್ಬಿತ್ತು. ಗಲ್ಲೆಯ ಹಿಂದಿನ ಗೋಡೆಯಲ್ಲಿ, ಅಂದಂದಿನ ಪಲ್ಲೆಯನ್ನೂ ದರವನ್ನೂ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ ಕಪ್ಪು ಹಲಗೆಯಿದ್ದ ಜಾಗದಲ್ಲಿ, ಗಣ್ಯರು ಹಂಚಿನ ಮುಂದೆ ಕುಳಿತಿರುವ ದೊಡ್ಡ ಚಿತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಚಿತ್ರದ ಎಡ ಅಂಚಿನಲ್ಲಿ ಅವ್ವನ ಸೆರಗಿನ ತುದಿ ಮಾತ್ರ ಕಾಣುತ್ತದೆ. ಹಲಗೆಯನ್ನು ತೆಗೆದು ಅಕ್ಕಿ ಚೀಲಗಳ ಹಿಂದೆ ನಿಲ್ಲಿಸಿದ್ದಾರೆ. ಆದ್ದರಿಂದ ಪುಂಡಿ ಪಲ್ಲೆ ಇದೆಯೋ ಇಲ್ಲವೋ ಎಂಬುದನ್ನು ಈಗ ಬಾಯಿ ಬಿಟ್ಟು ಕೇಳಬೇಕು.