ಪಕ್ಕದ ಹಳೇ ಮನೆ ಮಾರಾಟವಾಯಿತೇ? ಮೊದಲು ನಿಮ್ಮ ಗೋಡೆಯ ಫೋಟೋ ತೆಗೆದಿಡಿ

ಕಲಬುರಗಿಯ ಹಳೇ ಓಣಿಗಳಲ್ಲಿ ಮನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ರಹ್ಮಪುರ, ಶಹಾಬಜಾರ, ಗಾಜೀಪುರ, ಗೋಡೆಗೆ ಗೋಡೆ ಆತುಕೊಂಡು ಮನೆಗಳಿರುವ ಯಾವ ಓಣಿಯಾದರೂ ಸರಿ. ಕಳೆದ ವರ್ಷ ನಮಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಓಣಿಯಿಂದ ಶರಣಬಸವೇಶ್ವರ ಗುಡಿಗೆ ನಡೆದೇ ಹೋಗಬಹುದು. ನಮ್ಮ ಮಾವನವರ ತಂದೆ ಕಟ್ಟಿಸಿದ ಮನೆ ಇದು. ಶಹಾಬಾದ್ ಕಲ್ಲು, ಮಣ್ಣು, ಎರಡು ಅಡಿ ದಪ್ಪದ ಗೋಡೆ. ಮೇಲೆ ಜಂತಿ, ಜಂತಿಯ ಮೇಲೆ ಫರಸಿ, ಅದರ ಮೇಲೆ ಮಣ್ಣು. ಇಂಥ ಮನೆಗಳಲ್ಲಿ ಪಿಲ್ಲರ್ ಇರುವುದಿಲ್ಲ. ಮಾಳಿಗೆಯ ಭಾರವೆಲ್ಲ ಗೋಡೆಯ ಮೇಲೇ ಬೀಳುತ್ತದೆ. ಪಕ್ಕದ ಮನೆಯೂ ಹಾಗೇ ಇತ್ತು. ನಡುವಿನ ಗೋಡೆ ಇಬ್ಬರಿಗೂ ಒಂದೇ. ಆ ಕಡೆಯಿಂದ ಅವರ ಜಂತಿ, ಈ ಕಡೆಯಿಂದ ನಮ್ಮ ಜಂತಿ, ಎರಡೂ ಅದರ ಮೇಲೆಯೇ ಕೂತಿದ್ದವು.

ಪಕ್ಕದ ಮನೆಯ ಅಜ್ಜಿ ತೀರಿಕೊಂಡ ಮೇಲೆ ಹೈದರಾಬಾದಿನಲ್ಲಿರುವ ಮಕ್ಕಳು ಮನೆ ಮಾರಿದರು. ತಗೊಂಡವರು ಇರುವುದಕ್ಕೆ ತಗೊಂಡವರಲ್ಲ. ಹಳೇ ಮನೆಯನ್ನು ಕಡಿಮೆ ರೇಟಿಗೆ ಹಿಡಿದು, ನಾಲ್ಕೈದು ತಿಂಗಳಲ್ಲಿ ಹೊಸದರ ಹಾಗೆ ಮಾಡಿ, ಲಾಭಕ್ಕೆ ಮಾರುವವರು. ಆ ವ್ಯಾಪಾರವೇ ತಪ್ಪು ಅಂತ ನಾನು ಹೇಳುವುದಿಲ್ಲ. ಬೀಳೋ ಹಾಗಿರುವ ಮನೆಯನ್ನು ಯಾರಾದರೂ ಎತ್ತಿ ನಿಲ್ಲಿಸಿದರೆ ಓಣಿಗೇ ಒಳ್ಳೆಯದು, ಅಲ್ವಾ? ನಾನೂ ಖುಷಿಪಟ್ಟಿದ್ದೆ. ಆದರೆ ಇರುವುದಕ್ಕೆ ಮನೆ ಕಟ್ಟಿಸುವವರು ನಾಳೆ ಬೆಳಗ್ಗೆ ನಮ್ಮ ಮುಖ ನೋಡಬೇಕು. ಮಾರುವುದಕ್ಕೆ ಕಟ್ಟಿಸುವವರಿಗೆ ಆ ಹಂಗಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ.

ಮೊದಲ ದಿನ ಅವರು ಪೇಡೆ ತಂದು ಕೊಟ್ಟರು. "ಅಕ್ಕಾರ, ಒಂದೆರಡು ತಿಂಗಳು ತ್ರಾಸ ಆಗ್ತದ್ರಿ, ಸ್ವಲ್ಪ ಸುಧಾರಿಸ್ಕೊರಿ. ಏನಾರ ಆದ್ರ ನಾ ಇದೀನಲ್ರಿ" ಅಂದರು. ನಾವು ಗೌಂಡಿಗಳಿಗೆ ಕುಡಿಯುವ ನೀರು ಕೊಟ್ಟೆವು. ಸಿಮೆಂಟ್ ಚೀಲ ಇಡಲು ನಮ್ಮ ಕಟ್ಟೆ ಬಿಟ್ಟುಕೊಟ್ಟೆವು. ಒಂದು ಕಾಗದದ ಮೇಲೆ ಬರೆದು ಕೊಡಿ ಅಂತ ಕೇಳಲು ಸಂಕೋಚವಾಯಿತು.

ಯುಗಾದಿ ಮುಗಿದ ವಾರವೇ ಕೆಲಸ ಶುರು. ನಮ್ಮೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ, 42, 43 ಡಿಗ್ರಿ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ. ರಾತ್ರಿ ಮಾಳಿಗೆಯ ಮೇಲೆ ಮಲಗುವುದು ನಿಂತೇ ಹೋಯಿತು, ಹಾಸಿಗೆಯ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂರುತ್ತಿತ್ತು. ಅತ್ತೆಗೆ ದಮ್ಮು ಇದೆ. ಆ ಎರಡು ತಿಂಗಳಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಿಸಿಲಿಗೆ ಮುಂಚೆ ಕೆಲಸ ಮುಗಿಸಬೇಕು ಅಂತ ಬೆಳಗಿನ ಐದಕ್ಕೇ ಮಷಿನ್ ಹಚ್ಚುತ್ತಿದ್ದರು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮನೆಗಳಿರುವ ಜಾಗದಲ್ಲಿ ಸದ್ದು ಮಾಡುವ ಕಟ್ಟಡದ ಯಂತ್ರ ಬಳಸಬಾರದು ಅಂತ ಶಬ್ದ ಮಾಲಿನ್ಯದ ನಿಯಮವೇ ಇದೆ. ಅದು ನನಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ. ನಿಮಗೆ ಈಗಲೇ ಗೊತ್ತಿರಲಿ, 112ಕ್ಕೆ ಫೋನ್ ಮಾಡಬಹುದು.

ಧೂಳು, ಸದ್ದು ಹೇಗೋ ತಡೆದುಕೊಂಡೆವು. ಗೋಡೆಯ ಕಥೆಯೇ ಬೇರೆ.

ಮೇ ತಿಂಗಳಲ್ಲಿ ಒಂದು ದಿನ ದೇವರ ಕೋಣೆಯ ನೆಲದ ಮೇಲೆ, ದೀಪದ ಸುತ್ತ, ಹಿಟ್ಟು ಚೆಲ್ಲಿದ ಹಾಗೆ ಮಣ್ಣಿನ ಪುಡಿ ಬಿದ್ದಿತ್ತು. ಒರೆಸಿದೆ. ಸಂಜೆ ದೀಪ ಹಚ್ಚಲು ಹೋದರೆ ಮತ್ತೆ ಅಷ್ಟೇ ಪುಡಿ. ತಲೆ ಎತ್ತಿ ನೋಡಿದೆ. ಜಂತಿ ಗೋಡೆಗೆ ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ವಾರದಲ್ಲಿ ಬಸ್ ಟಿಕೆಟ್ ತೂರುವಷ್ಟಾಯಿತು. ತಿಂಗಳಾಗುವಷ್ಟರಲ್ಲಿ ರೂಪಾಯಿ ನಾಣ್ಯ ಇಟ್ಟರೆ ಅದರಲ್ಲಿ ನಿಲ್ಲುತ್ತಿತ್ತು.

ಆ ಕಡೆ ಏನು ಮಾಡಿದ್ದರು ಅಂದರೆ, ಪಡಸಾಲೆಯನ್ನೂ ಕೋಣೆಯನ್ನೂ ಸೇರಿಸಿ ದೊಡ್ಡ ಹಾಲ್ ಮಾಡಲು ಅಡ್ಡಗೋಡೆ ಕೆಡವಿದ್ದರು. ಹಾಲ್ ದೊಡ್ಡದಿದ್ದರೆ ರೇಟು ಜಾಸ್ತಿ ಬರುತ್ತದೆ. ಆದರೆ ನಡುವಿನ ಗೋಡೆಯನ್ನು ಆಚೀಚೆ ವಾಲದ ಹಾಗೆ ಹಿಡಿದಿದ್ದೇ ಆ ಅಡ್ಡಗೋಡೆ. ಅದನ್ನು ತೆಗೆದು, ಕಬ್ಬಿಣದ ಗರ್ಡರ್ ಕೂರಿಸಲು ನಡುವಿನ ಗೋಡೆಯನ್ನೇ ಬ್ರೇಕರ್ ಮಷಿನ್‌ನಿಂದ ಕೊರೆದಿದ್ದರು. ಕಲ್ಲು ಮಣ್ಣಿನ ಗೋಡೆಗೆ ಆ ನಡುಕ ತಡೆಯುವುದಿಲ್ಲ. ಕಲ್ಲಿನ ಸಂದಿಯ ಮಣ್ಣು ಉದುರುತ್ತಾ ಹೋಗುತ್ತದೆ. ನಮ್ಮ ದೇವರ ಮುಂದೆ ಬೀಳುತ್ತಿದ್ದದ್ದು ಅದೇ.

ತಮ್ಮನ ಗೆಳೆಯ ಒಬ್ಬ ಸಿವಿಲ್ ಎಂಜಿನಿಯರ್. ಅವನು ಬಂದು ಬಿರುಕಿಗೆ ಅಡ್ಡಲಾಗಿ ಗಾಜಿನ ಒಂದು ಪಟ್ಟಿ ಇಟ್ಟು, ಎರಡೂ ತುದಿ ಸಿಮೆಂಟ್ ಹಚ್ಚಿ ಅಂಟಿಸಿದ. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲಿನಿಂದ ಗೀಟು ಎಳೆದು ತಾರೀಖು ಬರೆದ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ತಿಳಿಯಿರಿ ಅಂದ. ಒಂಬತ್ತನೇ ದಿನ ಗಾಜು ಒಡೆಯಿತು. ಬಿರುಕು ಪೆನ್ಸಿಲ್ ಗೀಟು ದಾಟಿ ಒಂದು ಗೇಣು ಕೆಳಗೆ ಇಳಿದಿತ್ತು. ಅವತ್ತಿನಿಂದ ಮಕ್ಕಳನ್ನು ಆ ಕೋಣೆಗೆ ಬಿಡಲಿಲ್ಲ. ದೇವರನ್ನೂ ಅಡುಗೆಮನೆಗೆ ತಂದಿಟ್ಟೆವು.

ಪಕ್ಕದವರನ್ನು ಕರೆದು ತೋರಿಸಿದೆ. ಎರಡು ನಿಮಿಷ ನೋಡಿದರು. "ಹಳೇ ಮನಿ ಅದರಿ ಅಕ್ಕಾರ, ಬಿರುಕು ಮೊದಲs ಇತ್ತು" ಅಂದರು. ಇರಲಿಲ್ಲ ಅಂದೆ. "ಇರಲಿಲ್ಲ ಅಂಬೋದಕ್ಕ ಏನದರಿ?" ಅಂದರು. ನಿಜವಾಗಿ ನನ್ನ ಹತ್ತಿರ ಏನೂ ಇರಲಿಲ್ಲ. ಫೋನಿನಲ್ಲಿ ಹಬ್ಬದ ಫೋಟೋ ನೂರಾರು ಇದ್ದವು. ಆ ಮೂಲೆ ಕಾಣುವ ಫೋಟೋ ಒಂದೂ ಇರಲಿಲ್ಲ.

ವಕೀಲರ ಹತ್ತಿರ ಹೋದಾಗ ಇನ್ನೊಂದು ವಿಷಯ ಗೊತ್ತಾಯಿತು. ಇವರು ಮನೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡೇ ಇರಲಿಲ್ಲ. ಅಜ್ಜಿಯ ಮಕ್ಕಳ ಜೊತೆ ಕರಾರು ಪತ್ರ, ಒಂದು ಜಿಪಿಎ (ಮಾಲೀಕರ ಪರವಾಗಿ ವ್ಯವಹಾರ ಮಾಡಲು ಬರೆದುಕೊಡುವ ಅಧಿಕಾರ ಪತ್ರ), ಅಷ್ಟೇ. ಕೆಲಸ ಮುಗಿದ ಮೇಲೆ ಕೊಳ್ಳುವವರ ಹೆಸರಿಗೆ ನೇರವಾಗಿ ರಿಜಿಸ್ಟರ್ ಮಾಡಿಸುವ ಲೆಕ್ಕ. ಜಿಪಿಎ ಕೊಟ್ಟ ಮಾತ್ರಕ್ಕೆ ಆಸ್ತಿ ಕೈ ಬದಲಾಗುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಕಾಗದದ ಮೇಲೆ ಮಾಲೀಕರು ಇನ್ನೂ ಹೈದರಾಬಾದಿನವರೇ. ಅವರಿಗೆ ಫೋನ್ ಮಾಡಿದರೆ "ನಮಗೇನೂ ಗೊತ್ತಿಲ್ಲಕ್ಕಾ, ನಾವು ಮಾರಿಬಿಟ್ಟೀವಿ" ಅಂದರು. ಮಾಡಿದವರು ಮಾಲೀಕರಲ್ಲ, ಮಾಲೀಕರಿಗೆ ಮಾಡಿದ್ದೇ ಗೊತ್ತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಪಕ್ಕದ ಮನೆಗೆ ಸುತ್ತಿಗೆ ಬೀಳುವ ಮುಂಚೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆ ಆಸ್ತಿಯ ಇಸಿ, ಅಂದರೆ ಅದರ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪತ್ರ, ತೆಗೆಸಿ. ನೋಟಿಸ್ ಕೊಡುವ ಹಾಗಾದರೆ ಇಬ್ಬರ ಹೆಸರಿಗೂ ಕೊಡಿ. ಗೋಡೆ ಕೆಡವಿ ಕಟ್ಟುತ್ತಿದ್ದರೆ, ಮಹಡಿ ಏರಿಸುತ್ತಿದ್ದರೆ ಪಾಲಿಕೆಯ ಅನುಮತಿ ಪತ್ರ ತೋರಿಸಿ ಅಂತ ಕೇಳಿ. ಕೇಳುವುದು ಜಗಳವಲ್ಲ. ಕೋರ್ಟಿನಿಂದ ತಡೆಯಾಜ್ಞೆ ತರುವ ದಾರಿಯೂ ಇದೆ, ಆದರೆ ಅದು ಕೆಲಸ ನಡೆಯುವಾಗಲೇ ಆಗಬೇಕು. ನಾನು ವಕೀಲರ ಹತ್ತಿರ ಹೋಗುವಷ್ಟರಲ್ಲಿ ಆ ಕಡೆ ಟೈಲ್ಸ್ ಕೂರಿಸಿ, ಪುಟ್ಟಿ ಹಚ್ಚಿ, ಬಣ್ಣ ಬಳಿಯುತ್ತಿದ್ದರು.

ಮಳೆಗಾಲದಲ್ಲಿ ಉಳಿದದ್ದೂ ಬಯಲಾಯಿತು. ನಡುವಿನ ಗೋಡೆಗೆ ತಾಗಿಸಿಯೇ ಹೊಸ ಬಚ್ಚಲು, ಸಂಡಾಸ ಮಾಡಿದ್ದರು. ನಮ್ಮ ಕಡೆ ಮೊಣಕಾಲೆತ್ತರದವರೆಗೆ ತೇವ ಏರಿ, ಬಿಳಿ ಸವಳು ಹೂವಿನ ಹಾಗೆ ಎದ್ದಿತು. ಅವರ ನೆಲ ಒಂದೂವರೆ ಅಡಿ ಎತ್ತರಿಸಿದ್ದರಿಂದ ಮಳೆ ನೀರೆಲ್ಲ ನಮ್ಮ ಪಾಯದ ಕಡೆಗೇ. ನಮ್ಮೂರಿನದು ಎರೆ ಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾಯದ ಬುಡದಲ್ಲಿ ನೀರು ನಿಂತರೆ ಮೇಲಿನ ಗೋಡೆ ಸುಮ್ನೆ ಇರುತ್ತದಾ? ಕೆಡವಿದ ಕಲ್ಲು ಮಣ್ಣನ್ನು ಗಟಾರಕ್ಕೆ ತಳ್ಳಿದ್ದರು. ಮೊದಲ ದೊಡ್ಡ ಮಳೆಗೆ ಗಟಾರದ ನೀರು ನಮ್ಮ ಹೊಸ್ತಿಲಿಗೆ ಬಂತು. ಈ ಮಣ್ಣು ಕಲ್ಲು ಗಟಾರಕ್ಕೆ, ರಸ್ತೆಗೆ ಹಾಕಬಾರದು ಅಂತ 2016ರಲ್ಲೇ ನಿಯಮ ಆಗಿದೆ.

ಗೋಡೆ ಬಿಗಿ ಮಾಡಿಸಿ, ಜಂತಿ ಬದಲಿಸಲು ನಮಗೆ 1 ಲಕ್ಷ 80 ಸಾವಿರ ಆಯಿತು. ಅತ್ತೆಯ ಬಳೆ ಅಡ ಇಟ್ಟೆವು.

ಶ್ರಾವಣದಲ್ಲಿ ಆ ಮನೆಗೆ ಹೊಸಬರು ಬಂದರು. ಗಂಡ ಹೆಂಡತಿ, ಎರಡು ಸಣ್ಣ ಮಕ್ಕಳು, ಬ್ಯಾಂಕ್ ಸಾಲ. ಗೃಹಪ್ರವೇಶಕ್ಕೆ ನನ್ನನ್ನೂ ಕರೆದರು. ಒಳಗೆ ಕಾಲಿಟ್ಟಾಗ ನನಗೆ ಮಾತೇ ಬರಲಿಲ್ಲ. ಅಷ್ಟು ಚೆಂದ ಕಾಣುತ್ತಿತ್ತು. ದೀಪಾವಳಿಗೆ ಕಪಾಟು ಸರಿಸಿ ಕಸ ಹೊಡೆಯುವಾಗ ಅವರ ಗೋಡೆಯ ಪುಟ್ಟಿ ಹಪ್ಪಳದ ಹಾಗೆ ಕಳಚಿ ಕೈಗೆ ಬಂತಂತೆ. ಆ ಹುಡುಗಿ ಅಳುತ್ತಾ ಬಂದು, "ಅಕ್ಕಾ, ನಿಮಗ ಮೊದಲs ಗೊತ್ತಿತ್ತೇನು?" ಅಂತ ಕೇಳಿದಳು. ಗೊತ್ತಿತ್ತು. ಗೃಹಪ್ರವೇಶದ ದಿನ ಯಾಕೆ ಮನಸ್ಸು ಕೆಡಿಸಬೇಕು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಮನೆ ನೋಡಲು ಬಂದವರಿಗೆಲ್ಲ ನಮ್ಮ ಗೋಡೆ ತೋರಿಸಬೇಕಿತ್ತು. ಹೊಸದಾಗಿ ರಿಪೇರಿಯಾದ ಹಳೇ ಮನೆ ಕೊಳ್ಳುವವರಿದ್ದರೆ ಅಕ್ಕಪಕ್ಕದ ಮನೆಗೆ ಹೋಗಿ ಒಂದು ಲೋಟ ನೀರು ಕೇಳಿ, ಅವರ ಕಡೆಯ ಗೋಡೆ ನೋಡಿ ಬನ್ನಿ. ಕೆಲಸಕ್ಕೆ ಮುಂಚಿನ ಫೋಟೋ ಕೇಳಿ. ಕೊಳ್ಳುವವರ ಕಣ್ಣಿಗೆ ಕಾಣದ, ತನಗೆ ಗೊತ್ತಿರುವ ದೋಷವನ್ನು ಮಾರುವವರು ಹೇಳಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆ ದಂಪತಿ ಈಗ ಅದರ ಮೇಲೆಯೇ ವಕೀಲರನ್ನು ನೋಡುತ್ತಿದ್ದಾರೆ. ಗಾಜು ಒಡೆದಿದ್ದರ ಫೋಟೋ, ಪೆನ್ಸಿಲ್ ತಾರೀಖಿನ ಫೋಟೋ ಎಲ್ಲಾ ನಾನೇ ಕೊಟ್ಟಿದ್ದೇನೆ.

ಇಷ್ಟೆಲ್ಲ ಈಗ ಬರೆಯಲು ಕಾರಣ ಇದೆ. ನಮ್ಮ ಹಿಂದಿನ ಓಣಿಯಲ್ಲಿ ಇನ್ನೊಂದು ಹಳೇ ಮನೆಗೆ ಕರಾರು ಆಗಿದೆ, ಹಿಡಿದವರು ಅವರೇ. ಅದರ ಪಕ್ಕದಲ್ಲಿ ಒಬ್ಬ ಕಾಕು ಒಬ್ಬರೇ ಇರುತ್ತಾರೆ. ನಿನ್ನೆ ಹೋಗಿ ಎಲ್ಲಾ ಹೇಳಿ ಬಂದೆ. ಮೊದಲು ಅವರು "ಬಾಜೂ ಮನಿಯವರ ಕೂಡ ಸುಮ್ನೆ ಯಾಕ ವೈರ?" ಅಂದರು. ನಮ್ಮ ದೇವರ ಕೋಣೆಗೆ ಕರೆತಂದು ಗೋಡೆ ತೋರಿಸಿದ ಮೇಲೆ ಒಪ್ಪಿದರು. ನಷ್ಟವಾದರೆ ಯಾರು ತುಂಬಿ ಕೊಡಬೇಕು ಅಂತ ಬಾಂಡ್ ಪೇಪರ್ ಮೇಲೆ ಬರೆಸಿಕೊಳ್ಳುವವರೆಗೆ ಕಟ್ಟೆ ಬಿಟ್ಟುಕೊಡುವುದಿಲ್ಲ ಅಂದಿದ್ದಾರೆ. ನಾಳೆ ಬೆಳಗ್ಗೆ ಏಳಕ್ಕೆ, ಆ ದಿನದ ಪತ್ರಿಕೆಯನ್ನು ಗೋಡೆಗೆ ಹಿಡಿದು, ಅವರ ಮನೆಯ ಒಂದೊಂದು ಮೂಲೆಯ ಫೋಟೋ ತೆಗೆಯಲು ಹೋಗುತ್ತಿದ್ದೇನೆ.